ಡಬ್ಲಿನ್ನಿನಲ್ಲಿ ಹಾಲು ಉಕ್ಕಿಸಿದ್ದು

ಹೊರಡುವ ಮೊದಲು, ಚಾಮರಾಜಪೇಟೆ

ಐರ್ಲೆಂಡಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಎರಡು ಮಂಕಿ ಕ್ಯಾಪ್‌ಗಳಿದ್ದವು. ಕಂದು ಬಣ್ಣದ್ದು ನನ್ನದು, ಕೆಂಪು ಹೆಂಡತಿ ಸುಶೀಲಳದು. ವೀಸಾ ಬಂದ ವಾರವೇ ಇಬ್ಬರೂ ಚಿಕ್ಕಪೇಟೆಗೆ ಹೋಗಿ ತಂದಿದ್ದೆವು. ಆಮೇಲೆ ಸುಶೀಲ ತೀರಿಕೊಂಡಳು. ಪ್ರವಾಸ ಹತ್ತು ತಿಂಗಳು ಮುಂದಕ್ಕೆ ಹೋಯಿತು, ವೀಸಾ ಮತ್ತೆ ಮಾಡಿಸಬೇಕಾಯಿತು. ಟೋಪಿಗಳು ಬೀರುವಿನಲ್ಲಿ ಒಂದರೊಳಗೊಂದು ಕೂತೇ ಇದ್ದವು. ಬೇರ್ಪಡಿಸಲು ಮನಸ್ಸಾಗದೆ ಹಾಗೆಯೇ ಪೆಟ್ಟಿಗೆಗೆ ಹಾಕಿದೆ.

ನಾನು ಮೂವತ್ತೊಂದು ವರ್ಷ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಸುಶೀಲ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದಳು. ನಿವೃತ್ತಿಯಾದ ಮೇಲೆ ಐದನೇ ಮೈನಿನ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಪ್ರತಿ ಶನಿವಾರ ನಾಲ್ಕು ಗಂಟೆಗೆ, ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದ ಹೆಂಗಸರಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಪಿಜಿಯಲ್ಲಿ ಅಡುಗೆ ಮಾಡುವವರು, ಬ್ಯೂಟಿ ಪಾರ್ಲರಿನವರು, ಆಸ್ಪತ್ರೆಯ ಆಯಾಗಳು. ಅವಳ ಕ್ಲಾಸಿನಲ್ಲಿ ಪುಸ್ತಕ ಕಡಿಮೆ, ಆಟ ಜಾಸ್ತಿ. ಕುರ್ಚಿಗಳನ್ನು ಎರಡು ಸಾಲು ಹಾಕಿ ಬಸ್ಸು ಮಾಡುವಳು. ನಾನು ನನ್ನ ಹಳೇ ಚರ್ಮದ ಬ್ಯಾಗು ಹೆಗಲಿಗೇರಿಸಿ ಕಂಡಕ್ಟರಾಗಬೇಕು. ಎಲ್ಲಿಗೆ ಹೋಗಬೇಕೆಂದು ಕನ್ನಡದಲ್ಲಿ ಹೇಳಿದವರಿಗೆ ಸೀಟು. ಹಿಂದಿಯಲ್ಲಿ ಹೇಳಿದವರು ಹೊಸಿಲು ದಾಟಿ ಇಳಿದು ಮತ್ತೆ ಹತ್ತಬೇಕು. "ಇಳೀರಿ ಕೆಳಗೆ!" ಎಂದು ನಾನು ಕೂಗಿದರೆ ಎದುರುಮನೆಯ ನಾಯಿ ಬೊಗಳುತ್ತಿತ್ತು.

ಅವಳು ಹೋದ ಮೇಲೆ ರೂಮಿಗೆ ಬೀಗ ಹಾಕಿದೆ. ಆದರೆ ಒಡಿಶಾದಿಂದ ಬಂದು ಪಕ್ಕದ ಪಿಜಿಯಲ್ಲಿ ಅಡುಗೆ ಮಾಡುವ ಪ್ರತಿಮಾ ಪ್ರತಿ ಶುಕ್ರವಾರ ಒಂದು ಮೆಸೇಜು ಕಳುಹಿಸುವುದನ್ನು ಬಿಡಲಿಲ್ಲ. "ಸಾರ್, ನಾಳೆ ಕ್ಲಾಸ್ ಇದೆಯಾ?" ಕನ್ನಡ ಅಕ್ಷರದಲ್ಲೇ, ಒತ್ತು ದೀರ್ಘ ಸಮೇತ. ನಾನು ಉತ್ತರ ಬರೆಯಲಿಲ್ಲ. ಇದೆ ಎನ್ನಲು ನಾನು ಮೇಷ್ಟ್ರಲ್ಲ. ಇಲ್ಲ ಎನ್ನಲು ಬೆರಳು ಏಳಲಿಲ್ಲ.

ಈ ನಡುವೆ ಮೊಬೈಲ್ ರಿಪೇರಿ ಅಂಗಡಿಯವನೊಬ್ಬ ಆ ರೂಮು ಬಾಡಿಗೆಗೆ ಕೇಳಿದ. "ಐರ್ಲೆಂಡಿಂದ ಬಂದು ಹೇಳ್ತೀನಿ" ಎಂದೆ.

"ಒಂದು ರೂಮಿಗೆ ಅಷ್ಟು ದೂರ ಹೋಗಿ ಯೋಚ್ನೆ ಮಾಡ್ಬೇಕಾ ಯಜಮಾನ್ರೇ?" ಎಂದ.

ಅವನಿಗೆ ಹೇಳಲಿಲ್ಲ, ಹೋಗಲು ಕಾರಣವೂ ಆ ರೂಮೇ. ಸುಶೀಲಳ ಅಕ್ಕನ ಮಗಳು ಮಂಜುಳ ಡಬ್ಲಿನ್ನಿನಲ್ಲಿ ನರ್ಸು. ಅವಳ ಪಕ್ಕದ ಮನೆಯ ಅಜ್ಜಿ ಬಡಾವಣೆಯ ಸಮುದಾಯದ ಹಾಲ್‌ನಲ್ಲಿ ಐರಿಶ್ ಭಾಷೆಯ ಕೂಟ ನಡೆಸುತ್ತಾರೆ, ಸರ್ಕಾರ ಅದಕ್ಕೆ ಬೆಂಬಲ ಕೊಡುತ್ತದೆ ಎಂದು ಫೋನಿನಲ್ಲಿ ಕೇಳಿದಂದಿನಿಂದ ಸುಶೀಲಳಿಗೆ ಅದನ್ನು ನೋಡುವ ಹಠ. ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಳು. ಮೂರೇ ಪ್ರಶ್ನೆ. ಒಂದು, ಸರ್ಕಾರ ಏನು ಕೊಡುತ್ತದೆ? ಎರಡು, ಸರ್ಕಾರ ಏನು ಕೊಡಲಾರದು? ಮೂರು, ನಾಚಿಕೆಯಿಂದ ಬಾಯಿ ಬಿಡದವರನ್ನು ಮಾತಾಡಿಸುವುದು ಹೇಗೆ?

ಆ ಹಾಳೆಯನ್ನು ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟುಕೊಂಡು ಹೊರಟೆ.

ಮೊದಲ ದಿನ, ಬಸ್ ಸ್ಟಾಪು

ಡಬ್ಲಿನ್ನಿನಲ್ಲಿ ಮೇ ತಿಂಗಳು ಎಂದರೆ ನಮ್ಮ ಡಿಸೆಂಬರಿಗೆ ಗಾಳಿ ಕಟ್ಟಿ ಕಳುಹಿಸಿದ ಹಾಗೆ. ಅಲ್ಲಿನವರು ಅದನ್ನು ಬೇಸಿಗೆ ಎಂದುಕೊಂಡು ತೋಳಿಲ್ಲದ ಅಂಗಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನು ಮಂಕಿ ಕ್ಯಾಪಿನಲ್ಲಿ ಬಸ್‌ಸ್ಟಾಪಿಗೆ ಬಂದೆ. ಬಸ್ಸು ಬಂತು. ನಿಲ್ಲದೆ ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು. ಒಳಗೆ ಸೀಟುಗಳೆಲ್ಲ ಖಾಲಿ. ಮುಸುಕು ಹಾಕಿಕೊಂಡವನೆಂದು ಹೆದರಿದರೇನೋ ಎಂದು ಟೋಪಿ ತೆಗೆದೆ. ಮೂರನೆಯದೂ ಹೋಯಿತು.

ಮನೆಗೆ ವಾಪಸ್ ಬಂದು ಹೇಳಿದರೆ ಮಂಜುಳ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇಲ್ಲಿ ಕೈ ತೋರ್ಸ್‌ಬೇಕು ಚಿಕ್ಕಪ್ಪ. ಸುಮ್ನೆ ನಿಂತ್ರೆ ಗಾಳಿ ಕುಡೀತಿದಾರೆ ಅಂದ್ಕೊಂಡು ಹೋಗ್ತಾರೆ."

"ಸ್ಟಾಪಲ್ಲಿ ನಿಂತವನಿಗೆ ಬಸ್ಸು ಬೇಡ್ವಾ?"

"ನೀವು ನಿಮ್ ಸರ್ವೀಸಲ್ಲಿ ಕೈ ತೋರ್ಸಿದವ್ರನ್ನ ಎಷ್ಟು ಜನಾನ ಬಿಟ್ಟು ಹೋಗಿದೀರಾ? ಅದೇ ವಾಪಸ್ ಬಂದಿರೋದು."

ಮಾರ್ಕೆಟ್ ಸ್ಟಾಪಿನಲ್ಲಿ ಕೈ ಎತ್ತಿ ಓಡಿಬರುತ್ತಿದ್ದವರ ಮುಖಗಳು ಸಾಲಾಗಿ ಕಣ್ಣಿಗೆ ಬಂದವು. "ಹಿಂದೆ ಖಾಲಿ ಗಾಡಿ ಬರ್ತಿದೆ" ಎಂದು ಎಷ್ಟು ಸುಳ್ಳು ಹೇಳಿದ್ದೇನೋ.

ಮರುದಿನ ಎರಡೂ ಕೈ ತೋರಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ಇಲ್ಲ, ಡ್ರೈವರ್ ಒಬ್ಬರೇ. ಆದರೆ ಇಳಿಯುವವರೆಲ್ಲ, ಮುದುಕರು, ಕಿವಿಗೆ ವೈರು ಸಿಕ್ಕಿಸಿಕೊಂಡ ಕಾಲೇಜು ಮಕ್ಕಳು ಕೂಡ, ಡ್ರೈವರ್ ಕಡೆ ತಿರುಗಿ "ಥ್ಯಾಂಕ್ಸ್" ಎಂದು ಕೂಗಿ ಇಳಿಯುತ್ತಾರೆ. ನನ್ನ ಬಸ್ಸಿನಲ್ಲಿ ಇಳಿಯುವವರು ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿ, ಬಾಯಿತಪ್ಪಿ "ರೈಟ್!" ಎಂದೂ ಹೇಳಿಬಿಟ್ಟೆ. ಆತ ಗಂಭೀರವಾಗಿ ಹೆಬ್ಬೆರಳು ಎತ್ತಿ ಹೊರಟ.

ರಸ್ತೆಯ ಬೋರ್ಡುಗಳಲ್ಲಿ ಮೇಲೆ ಐರಿಶ್, ಕೆಳಗೆ ಇಂಗ್ಲಿಷ್. ಟ್ರಾಮಿನಲ್ಲಿ ಸ್ಟಾಪಿನ ಹೆಸರು ಎರಡೂ ಭಾಷೆಯಲ್ಲಿ ಹೇಳುತ್ತಾರೆ. ಸರ್ಕಾರ ಸಾಕಷ್ಟು ಮಾಡಿದೆ ಎಂದುಕೊಂಡೆ. ಆದರೆ ಎರಡು ದಿನ ಸುತ್ತಿದರೂ ಆ ಭಾಷೆಯನ್ನು ಒಬ್ಬ ಮನುಷ್ಯನ ಬಾಯಲ್ಲಿ ಕೇಳಲಿಲ್ಲ. ಗೋಡೆ ಮಾತಾಡುತ್ತದೆ, ಜನ ಮಾತಾಡುವುದಿಲ್ಲ. ನಮ್ಮಲ್ಲೂ ಅಂಗಡಿಯ ಬೋರ್ಡಿನಲ್ಲಿ ದೊಡ್ಡದಾಗಿ ಕನ್ನಡ ಇರುತ್ತದೆ, ಒಳಗೆ ಹೋಗಿ ಕನ್ನಡದಲ್ಲಿ ಕೇಳಿದರೆ ಹುಡುಗಿ ಮ್ಯಾನೇಜರನ್ನು ಕರೆಯುತ್ತಾಳೆ.

ಮೂರನೇ ದಿನ, ಪಕ್ಕದ ಮನೆ

ಪಕ್ಕದ ಮನೆಯ ಅಜ್ಜಿಯ ಹೆಸರು ನೋರಾ. ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಕುಳ್ಳು, ಗಟ್ಟಿ ದನಿ, ಒಂದು ಮಂಡಿ ಕೈಕೊಟ್ಟಿದೆ. ನನ್ನ ಇಂಗ್ಲಿಷಿಗೂ ಅವರ ಇಂಗ್ಲಿಷಿಗೂ ನಡುವೆ ಮಂಜುಳ ಕೂತು ಎರಡೂ ಕಡೆಯ ಮಾತನ್ನು ಸಾಗಿಸಿದಳು.

ನಾನು ಸುಶೀಲಳ ಹಾಳೆ ತೆಗೆದು ಮೊದಲ ಪ್ರಶ್ನೆ ಓದಿದೆ. ಸರ್ಕಾರ ಏನು ಕೊಡುತ್ತದೆ?

ನೋರಾ ವಿವರಿಸಿದರು. ಐರಿಶ್ ಮನೆಮಾತಾಗಿರುವ ಪಶ್ಚಿಮದ ಹಳ್ಳಿಗಳಿಗೆ ಸರ್ಕಾರದ ನೆರವು ಮೊದಲಿಂದಲೂ ಇತ್ತು. ಪಟ್ಟಣಗಳಿಗೆ ಬಂದದ್ದು ಈಚೆಗೆ. ಒಂದು ಬಡಾವಣೆಯ ಜನ ತಾವೇ ಸೇರಿ, ಭಾಷೆ ಉಳಿಸಲು ಇಷ್ಟು ವರ್ಷದಲ್ಲಿ ಏನೇನು ಮಾಡುತ್ತೇವೆಂದು ಯೋಜನೆ ಬರೆದು, ಬಡಾವಣೆ ತಮ್ಮ ಹಿಂದಿದೆ ಎಂದು ತೋರಿಸಿದರೆ, ಸರ್ಕಾರ ಅದನ್ನು ಭಾಷೆಯ ಜಾಲ ಎಂದು ಗುರುತಿಸಿ, ಕೆಲಸ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ಇಟ್ಟುಕೊಳ್ಳಲು ನೆರವು ಕೊಡುತ್ತದೆ. ಇವರ ಬಡಾವಣೆಗೂ ಹಾಗೆ ಸಿಕ್ಕಿದೆ. ಬಡಾವಣೆಯ ಹೆಸರು ಬರೆಯುವುದಿಲ್ಲ. ಮುಂದೆ ನಡೆದದ್ದನ್ನು ಓದಿದರೆ ಯಾಕೆಂದು ತಿಳಿಯುತ್ತದೆ.

"ಇನ್ನೊಂದು ಕಾನೂನಿದೆ, ಅದು ನನಗೆ ಬಲು ಇಷ್ಟ" ಎಂದರು ನೋರಾ. ಸರ್ಕಾರಿ ಕಚೇರಿಗೆ ಐರಿಶ್‌ನಲ್ಲಿ ಕಾಗದ ಬರೆದರೆ ಐರಿಶ್‌ನಲ್ಲೇ ಉತ್ತರ ಕೊಡಬೇಕು. ಅದಕ್ಕೇ ಇವರು ಎಲ್ಲದಕ್ಕೂ ಐರಿಶ್‌ನಲ್ಲೇ ಬರೆಯುತ್ತಾರೆ. ಮನೆ ಮುಂದಿನ ದೀಪ ಕೆಟ್ಟಿದೆ ಎಂದು ಮೂರು ಕಾಗದ ಬರೆದಿದ್ದರು. ಮೂರು ಉತ್ತರ ಬಂದಿದ್ದವು. ಫೈಲಿನಿಂದ ತೆಗೆದು ತೋರಿಸಿದರು.

"ದೀಪ ಹತ್ತಿತಾ?" ಎಂದು ಕೇಳಿದೆ.

"ಇಲ್ಲ. ಆದರೆ ಐರಿಶ್ ತುಂಬ ಚೆನ್ನಾಗಿದೆ" ಎಂದರು.

ಅಷ್ಟರಲ್ಲಿ ಬೇಲಿಯಾಚೆ ಗಿಡ ಕತ್ತರಿಸುತ್ತಿದ್ದ ಒಬ್ಬಾತ ನಿಂತು ನಮ್ಮ ಮಾತು ಕೇಳಿದ. ಶಾಲೆಯಲ್ಲಿ ಹದಿಮೂರು ವರ್ಷ ಐರಿಶ್ ಕಲಿತೆ, ಈಗ ಒಂದೇ ವಾಕ್ಯ ನೆನಪಿದೆ ಎಂದು ಅದನ್ನು ಒಂದೇ ಉಸಿರಿಗೆ ಹೇಳಿದ. "ಟೀಚರ್, ನಾನು ಕಕ್ಕಸಿಗೆ ಹೋಗಿಬರಲು ಅಪ್ಪಣೆಯೇ?" ಎಂದು ಅದರ ಅರ್ಥವಂತೆ. ಆ ದೇಶದಲ್ಲಿ ಆಮೇಲೆ ನಾಲ್ಕು ಜನ ನನಗೆ ಅದೇ ವಾಕ್ಯ ಹೇಳಿದರು.

ಬುಧವಾರ, ಬಡಾವಣೆಯ ಹಾಲ್

ಮಂಜುಳಳಿಗೆ ಅಂದು ರಜ. ಹನ್ನೊಂದು ಗಂಟೆಗೆ ಹಾಲ್‌ಗೆ ಹೋದೆವು. ಉದ್ದ ಮೇಜಿನ ಸುತ್ತ ಆರು ಜನ. ನೋರಾ, ಸರ್ಕಾರದ ಯೋಜನೆಯಡಿ ನೇಮಕವಾದ ಓವೆನ್ ಎಂಬ ತೆಳ್ಳಗಿನ ಅಧಿಕಾರಿ, ಕಿವಿಗೆ ಯಂತ್ರ ಹಾಕಿಕೊಂಡ ಹಳೇ ಎಲೆಕ್ಟ್ರಿಷಿಯನ್ ಒಬ್ಬರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ, ಸದಾ ನಗುವ ಒಬ್ಬ ದಪ್ಪ ಮನುಷ್ಯ, ಅಂದೇ ಮೊದಲ ಸಲ ಬಂದಿದ್ದ ಲೂಸಿಯಾ. ಲೂಸಿಯಾ ಬ್ರೆಜಿಲಿನವಳು. ಅಂಗನವಾಡಿಯಂಥ ಒಂದು ಐರಿಶ್ ಶಿಶುಶಾಲೆಯಲ್ಲಿ ಸಹಾಯಕಿ.

ಕೂಟದ ನಿಯಮ ಒಂದೇ. ಒಂದು ಗಂಟೆ ಐರಿಶ್ ಮಾತ್ರ. ಬಾಯಿತಪ್ಪಿ ಇಂಗ್ಲಿಷ್ ಮಾತಾಡಿದವರು ಎದ್ದು ಎಲ್ಲರಿಗೂ ಟೀ ಮಾಡಬೇಕು. ನಮಗೆ ಮಾತ್ರ ವಿನಾಯಿತಿ, ಅತಿಥಿಗಳು.

ಒಬ್ಬೊಬ್ಬರೂ ವಾರದ ಸುದ್ದಿ ಹೇಳುತ್ತ ಬಂದರು. ಸರದಿ ಲೂಸಿಯಾಳ ಹತ್ತಿರ ಬರುತ್ತಿದ್ದಂತೆ ಅವಳ ಕುತ್ತಿಗೆ ಕೆಂಪಾಯಿತು. ಕೈಚೀಲದ ಪಟ್ಟಿ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಮ್ಮ ರೂಮಿನಲ್ಲಿ ಮೊದಲ ದಿನ ಪ್ರತಿಮಾ ಸೆರಗಿಗೆ ಮಾಡುತ್ತಿದ್ದದ್ದೂ ಅದನ್ನೇ. ಇನ್ನೇನು ಅವಳ ಸರದಿ ಎನ್ನುವಾಗ ನೋರಾ ಇಂಗ್ಲಿಷಿನಲ್ಲಿ "ಅಯ್ಯೋ ನನ್ನ ಹಾಳು ಮಂಡಿ!" ಎಂದು ಜೋರಾಗಿ ಕೂಗಿದರು. ಎಲ್ಲರೂ ಹೋ ಎಂದರು. ನೋರಾ ಸೋತು ಟೀ ಮಾಡಲು ಎದ್ದರು.

ಮಂಡಿ ನೋವಿನ ಮುದುಕಿ ಎದ್ದು ಟೀ ಮಾಡುವಾಗ ಗಂಡಾಳು ಕೂತಿರುವುದೇ? "ನಾನು ಮಾಡ್ತೀನಿ" ಎಂದು ಅವರನ್ನು ಕೂರಿಸಿ ಮೂಲೆಗೆ ಹೋದೆ.

ಅಲ್ಲಿ ಒಲೆ ಇಲ್ಲ, ಪಾತ್ರೆ ಇಲ್ಲ. ಒಂದು ಹೊಚ್ಚಹೊಸ ಎಲೆಕ್ಟ್ರಿಕ್ ಕೆಟಲ್ ಇತ್ತು. ಚಾಮರಾಜಪೇಟೆಯವನಿಗೆ ಟೀ ಎಂದರೆ ಹಾಲು, ನೀರು, ಟೀಪುಡಿ, ಸಕ್ಕರೆ ಎಲ್ಲ ಸೇರಿ ಕುದಿಯುವುದು. ಒಂದು ಡಬ್ಬಿ ಹಾಲು ಪೂರ್ತಿ ಕೆಟಲಿಗೆ ಸುರಿದೆ. ಟೀ ಚೀಲಗಳನ್ನು ಹರಿದು ಹಾಕಿದೆ. ಸಕ್ಕರೆ ಹಾಕಿ ಗುಂಡಿ ಒತ್ತಿ, ಕೈಕಟ್ಟಿ ನಿಂತೆ. ಮೊದಲು ಒಳ್ಳೆಯ ವಾಸನೆ ಬಂತು. ನಂತರ ಕೆಟ್ಟ ವಾಸನೆ. ಆಮೇಲೆ ಮುಚ್ಚಳ ಎತ್ತಿಕೊಂಡು ನೊರೆ ಮೇಲಕ್ಕೆ ಬಂತು, ಮೇಜಿನ ಮೇಲೆ ಹರಿಯಿತು, ಪ್ಲಗ್ಗಿನ ಕಡೆ ಹೋಯಿತು. ಟಪ್ ಎಂದಿತು. ಇಡೀ ಹಾಲ್‌ನ ದೀಪಗಳೆಲ್ಲ ಆರಿದವು.

ಕತ್ತಲೆಯೇನಿಲ್ಲ, ಹಗಲು. ಆದರೆ ಎಲ್ಲರೂ ನನ್ನ ಕಡೆ ತಿರುಗಿದರು.

"ಗೃಹಪ್ರವೇಶ ಆಯ್ತು ಬಿಡಿ ಚಿಕ್ಕಪ್ಪ" ಎಂದಳು ಮಂಜುಳ ಕನ್ನಡದಲ್ಲಿ. "ಹಾಲು ಪೂರ್ವಕ್ಕೇ ಉಕ್ಕಿದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲೆಕ್ಟ್ರಿಷಿಯನ್ ಹೋಗಿ ಫ್ಯೂಸ್ ನೋಡಿದರು. ದೀಪ ಬಂತು. ಕೆಟಲ್ ಬರಲಿಲ್ಲ. ಓವೆನ್ ಅದನ್ನು ಎರಡು ಬೆರಳಲ್ಲಿ ಎತ್ತಿ ತಳ ನೋಡಿದ. ಅಲ್ಲಿ ಒಂದು ಚೀಟಿ ಅಂಟಿಸಿತ್ತು. ಯೋಜನೆಯ ಹಣದಲ್ಲಿ ಕೊಂಡ ಕೆಟಲ್ಲು, ಸರ್ಕಾರಿ ವಸ್ತು, ಹೀಗಾಯಿತೆಂದು ಮೇಲಿನವರಿಗೆ ವರದಿ ಬರೆಯಬೇಕು ಎಂದ.

"ನೀನು ಬರೆಯಬೇಡ, ನಾವು ಬರೆಯುತ್ತೇವೆ" ಎಂದರು ನೋರಾ. ಕಣ್ಣು ಹೊಳೆಯುತ್ತಿತ್ತು.

ಆಮೇಲೆ ನಡೆದದ್ದನ್ನು ಸುಶೀಲ ನೋಡಬೇಕಿತ್ತು. ಅದುವರೆಗೆ ಹವಾಮಾನದ ಬಗ್ಗೆ ತಡವರಿಸುತ್ತಿದ್ದ ಐದು ಜನ ಒಂದೇ ಹಾಳೆಯ ಮೇಲೆ ಬಗ್ಗಿದರು. ಓವೆನ್ ಆಮೇಲೆ ವಿವರಿಸಿದ ಪ್ರಕಾರ, ಉಕ್ಕುವುದಕ್ಕೆ ಏನು ಪದ? ಸೀದುಹೋಗುವುದಕ್ಕೆ? ಅತಿಥಿಯ ತಪ್ಪು ಎನ್ನುವುದೋ, ಕೆಟಲಿನ ತಪ್ಪು ಎನ್ನುವುದೋ? ಎಲೆಕ್ಟ್ರಿಷಿಯನ್ ಒಂದು ಪದ ಹೇಳಿದರೆ ದಪ್ಪ ಮನುಷ್ಯ ಅಲ್ಲ ಎಂದ. ಮಗುವಿನ ತಾಯಿ ಮೇಜು ಕುಟ್ಟಿದಳು. ಓವೆನ್ ನಿಘಂಟು ತೆಗೆದ. ಭಾಷೆ ತಿಳಿಯದ ನನಗೂ ಅದು ಜಗಳ ಎಂದು ತಿಳಿಯಿತು, ಒಳ್ಳೇ ಜಗಳ. ಹಾಲು ಎಂಬಲ್ಲಿಗೆ ಬಂದಾಗ ಯಾರೋ ಒಂದು ಕ್ಷಣ ತಡೆದರು. ಮೇಜಿನ ತುದಿಯಿಂದ ಸಣ್ಣ ದನಿ ಬಂತು. "ಬಾನ್ಯ."

ಲೂಸಿಯಾ. ಶಿಶುಶಾಲೆಯಲ್ಲಿ ದಿನಾ ಮಕ್ಕಳು ಅವಳನ್ನು ಹಾಲು ಕೇಳುತ್ತಾರಲ್ಲ.

ನೋರಾ ಪೆನ್ನನ್ನು ಅವಳ ಕೈಗೆ ಕೊಟ್ಟರು. ಮುಂದಿನ ಅರ್ಧ ಕಾಗದ ಬರೆದವಳು ಅವಳೇ.

ವಾಪಸ್ ಬರುವಾಗ ನಾನು "ಪಾಪ, ನೋರಾ ಅವ್ರು ಸೋತ್ರು. ಇಲ್ದಿದ್ರೆ ನಾನು ಏಳ್ತಾನೇ ಇರ್ಲಿಲ್ಲ" ಎಂದೆ.

"ಅಯ್ಯೋ ಚಿಕ್ಕಪ್ಪ, ಅವ್ರು ಬೇಕಂತ್ಲೇ ಸೋಲೋದು" ಎಂದಳು ಮಂಜುಳ. "ಹೊಸಬ್ರು ಬಂದ ದಿನ ಮೊದ್ಲು ತಪ್ಪೋದು ಯಾವಾಗ್ಲೂ ಅವ್ರೇ. ಇಡೀ ಬೀದಿಗೆ ಗೊತ್ತು."

ಮನೆಗೆ ಬಂದು ಹಾಳೆ ತೆಗೆದೆ. ಮೂರನೇ ಪ್ರಶ್ನೆಯ ಮುಂದೆ ಒಂದು ಗೀಟು ಹಾಕಿದೆ.

ಮತ್ತೊಂದು ಬುಧವಾರ

ಮುಂದಿನ ವಾರ ಹೋಗಲು ನಾಚಿಕೆಯಾಗುತ್ತಿತ್ತು. ಮಂಜುಳ ಬಿಡಲಿಲ್ಲ. ಹೋದರೆ, ಮೇಲಿನಿಂದ ಉತ್ತರ ಬಂದಿತ್ತು. ಓವೆನ್ ಓದಿ ಅರ್ಥ ಹೇಳಿದ. ತಮ್ಮ ಪತ್ರ ತಲುಪಿದೆ, ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ. ನನಗೆ ಊರು ತಲುಪಿದಷ್ಟು ಸಂತೋಷವಾಯಿತು. ಆ ವಾಕ್ಯವನ್ನು ನಾನು ಯಾವ ಭಾಷೆಯಲ್ಲಿದ್ದರೂ ಗುರುತಿಸಬಲ್ಲೆ.

ಟೀ ಹೊತ್ತಿಗೆ ಎರಡನೇ ಪ್ರಶ್ನೆ ಕೇಳಿದೆ. ಸರ್ಕಾರ ಏನು ಕೊಡಲಾರದು?

ಓವೆನ್ ಬೆರಳು ಮಡಿಸತೊಡಗಿದ. "ಬೋರ್ಡು ಕೊಡುತ್ತದೆ, ಹಾಲ್ ಕೊಡುತ್ತದೆ, ನನ್ನನ್ನೂ ಕೊಟ್ಟಿದೆ. ಬುಧವಾರ ನೋರಾ ಬರದಿದ್ದರೆ ಅವರ ಬದಲು ಕಳುಹಿಸಲು ಸರ್ಕಾರದ ಹತ್ತಿರ ಯಾರೂ ಇಲ್ಲ" ಎಂದ.

"ನಾನೇನು ಟೀಚರಾ? ಮಕ್ಕಳಿಗೆ ಆಲೂಗಡ್ಡೆ ಬಡಿಸುತ್ತಿದ್ದವಳು" ಎಂದರು ನೋರಾ. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಹೆಂಡತಿಯ ಕ್ಲಾಸಿನಲ್ಲಿ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದರು.

ಬಸ್ಸಿನ ವಿಷಯ ಹೇಳಿದೆ. ಹೇಳಬಾರದಿತ್ತು. ಎರಡು ನಿಮಿಷದಲ್ಲಿ ಕುರ್ಚಿಗಳು ಎರಡು ಸಾಲಾದವು. ಮಗುವಿನ ತಾಯಿಯ ಡಯಾಪರ್ ಬ್ಯಾಗು ನನ್ನ ಹೆಗಲಿಗೆ ಬಂತು. ಎಲೆಕ್ಟ್ರಿಷಿಯನ್ ಮುಂದೆ ಕೂತು ಸ್ಟಿಯರಿಂಗ್ ಹಿಡಿದರು. ಮುಂದೆ ಹೋಗಿ ಎನ್ನುವುದಕ್ಕೆ ನೋರಾ ಎರಡು ಮೂರು ಸಲ ಹೇಳಿಕೊಟ್ಟರು. ನನ್ನ ಕಿವಿಗೆ "ಅರ್ ಐ ಲಿವ್" ಎಂದು ಕೇಳಿತು.

ಬಾಗಿಲ ಹತ್ತಿರ ನಿಂತೆ. ಗಂಟಲು ಸರಿಮಾಡಿಕೊಂಡೆ. ಹತ್ತು ತಿಂಗಳಿಂದ ನಾನು ಜೋರಾಗಿ ಮಾತಾಡಿರಲಿಲ್ಲ. ಫೋನಿನಲ್ಲಿ ಮಂಜುಳ "ಏನು ಚಿಕ್ಕಪ್ಪ, ಕೇಳಿಸ್ತಿಲ್ಲ" ಎಂದು ಬೈಯುತ್ತಲೇ ಇದ್ದಳು.

"ಅರ್ ಐ ಲಿವ್! ಅರ್ ಐ ಲಿವ್! ಫುಟ್‌ಬೋರ್ಡ್ ಖಾಲಿ ಮಾಡ್ರೀ! ಒಳಗೆ ಕ್ರಿಕೆಟ್ ಆಡೋಷ್ಟು ಜಾಗ ಇದೆ, ಎಲ್ಲಾ ಬಾಗಿಲಲ್ಲೇ ಸಾಯ್ತೀರಾ! ರೈಟ್, ರೈಟ್!"

ಮಗು ಎಚ್ಚರವಾಗಿ ಅತ್ತಿತು. ಪಕ್ಕದ ಕೋಣೆಯಲ್ಲಿ ಯೋಗ ಮಾಡುತ್ತಿದ್ದ ಹೆಂಗಸರು ಬಂದು ಇಣುಕಿದರು. ಲೂಸಿಯಾ ಐರಿಶ್‌ನಲ್ಲಿ ಕಡಲ ತೀರಕ್ಕೆ ಎಂದಳು. ಸೀಟು ಕೊಟ್ಟೆ. ದಪ್ಪ ಮನುಷ್ಯ ಬೇಕೆಂದೇ ಇಂಗ್ಲಿಷಿನಲ್ಲಿ ಕೇಳಿದ. "ಇಳೀರಿ ಕೆಳಗೆ!" ಎಂದೆ. ಕನ್ನಡದ ಆ ಎರಡು ಪದ ಅವನಿಗೆ ಅನುವಾದವಿಲ್ಲದೆ ಅರ್ಥವಾದವು.

ನಗುತ್ತ ಕೂತಾಗ ಒಂದು ಲೆಕ್ಕ ತಟ್ಟನೆ ತಲೆಗೆ ಬಂತು. ನಾನು ನಿವೃತ್ತನಾದ ಮೇಲೆ ಎರಡು ತಿಂಗಳು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಕೂಗಲು ಯಾರೂ ಇರಲಿಲ್ಲ. ಸುಶೀಲಳ ಕ್ಲಾಸು ಅದಕ್ಕೆ ಒಂದು ವರ್ಷ ಮೊದಲಿಂದಲೂ ನಡೆಯುತ್ತಿತ್ತು. ಬಸ್ಸಿನ ಆಟ ಶುರುವಾದದ್ದು ಮೂರನೇ ತಿಂಗಳು. ನಾನು ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಮಂಜುಳ "ಏನಾಯ್ತು?" ಎಂದಳು. ಕಣ್ಣಿಗೆ ಗಾಳಿ ಎಂದೆ. ಕಿಟಕಿ ಮುಚ್ಚಿತ್ತು.

ಆ ಶುಕ್ರವಾರ ಮೆಸೇಜು ಬಂದಾಗ ಸಮುದ್ರದ ದಂಡೆಯಲ್ಲಿದ್ದೆ. ಗಾಳಿ ಎಷ್ಟಿತ್ತೆಂದರೆ ಕಂದು ಟೋಪಿಯ ಮೇಲೆ ಕೆಂಪು ಟೋಪಿಯನ್ನೂ ಹಾಕಿಕೊಂಡಿದ್ದೆ. "ಸಾರ್, ನಾಳೆ ಕ್ಲಾಸ್ ಇದೆಯಾ?"

ಬೆರಳು ಚಳಿಗೆ ಮರಗಟ್ಟಿದ್ದರೂ ಬರೆದೆ. "ನಾಳೆ ಇಲ್ಲ. ಮುಂದಿನ ಶನಿವಾರ ಇದೆ. ನಾಲ್ಕು ಗಂಟೆ."

ಶನಿವಾರ, ಐದನೇ ಮೈನು

ಮೊಬೈಲ್ ರಿಪೇರಿಯವನಿಗೆ ರೂಮು ಇಲ್ಲ ಎಂದೆ. "ಅಲ್ಲಿ ಹೋಗಿ ಇದನ್ನೇ ಯೋಚ್ನೆ ಮಾಡಿದ್ರಾ?" ಎಂದ. ಹೌದು ಎಂದೆ.

ನಾಲ್ಕು ಗಂಟೆಗೆ ಐದು ಜನ ಬಂದರು. ಒಬ್ಬಳು ಹೊಸಬಳು. ಪ್ರತಿಮಾ ಕೆಲಸ ಮಾಡುವ ಪಿಜಿಗೆ ಕಳೆದ ತಿಂಗಳು ಸೇರಿದವಳು, ಹೆಸರು ಗೀತಾ. ತಲೆ ಎತ್ತಲಿಲ್ಲ.

ನಾನು ಮೇಷ್ಟ್ರ ಕುರ್ಚಿಯಲ್ಲಿ ಕೂರಲಿಲ್ಲ. "ನಂಗೆ ವ್ಯಾಕರಣ ಬರಲ್ಲ" ಎಂದು ಮೊದಲೇ ಹೇಳಿದೆ. "ನಿಮ್ಮ ಬೀದೀಲಿ ಏನು ತೊಂದ್ರೆ ಇದೆ ಹೇಳಿ. ಕಾಗದ ಬರೆಯೋಣ. ಕನ್ನಡದಲ್ಲಿ." ಪಿಜಿಯ ಮುಂದೆ ಮೋರಿಯ ಕಲ್ಲು ಒಡೆದಿದೆ ಎಂದು ತೀರ್ಮಾನವಾಯಿತು. ನಿಯಮವನ್ನೂ ಹೇಳಿದೆ. ಬೇರೆ ಭಾಷೆ ಬಾಯಿಗೆ ಬಂದರೆ ಎದ್ದು ಟೀ ಮಾಡಬೇಕು. ನೋರಾ ಏನು ಮಾಡುತ್ತಾರೆಂದು ಮಾತ್ರ ಹೇಳಲಿಲ್ಲ.

ಒಬ್ಬೊಬ್ಬರು ಒಂದೊಂದು ವಾಕ್ಯ. ಕಲ್ಲು ಒಡೆದಿದೆ. ಮಕ್ಕಳು ಬೀಳುತ್ತಾರೆ. ವಾಸನೆ ಬರುತ್ತದೆ. ಸರದಿ ಗೀತಾಳಿಗೆ ಬಂತು. ಅವಳು ದುಪಟ್ಟಾದ ತುದಿ ಸುತ್ತತೊಡಗಿದಳು. ನೋರಾ ಮಾಡಿದ್ದನ್ನು ನಾನೇ ಮಾಡೋಣವೆಂದು ಒಂದು ಹಿಂದಿ ಪದ ಹುಡುಕುತ್ತಿದ್ದೆ.

ಅಷ್ಟರಲ್ಲಿ ನನ್ನ ಕ್ಲಾಸಿನಲ್ಲೇ ಅತ್ಯಂತ ಚೆನ್ನಾಗಿ ಕನ್ನಡ ಬಲ್ಲ ಪ್ರತಿಮಾ "ಅರೇ, ಕಿತನೀ ಗರ್ಮೀ ಹೈ!" ಎಂದು ಹಿಂದಿಯಲ್ಲಿ ಸೆಕೆಯನ್ನು ಬೈದಳು, ಜೋರಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನಾಲಿಗೆ ಕಚ್ಚಿಕೊಂಡು, ನನ್ನ ಅಪ್ಪಣೆಗೂ ಕಾಯದೆ, ಎದ್ದು ಒಳಗೆ ಅಡುಗೆಮನೆಗೆ ಹೋದಳು.

ಹತ್ತು ತಿಂಗಳಿಂದ ನಾನು ಟೀ ಕುಡಿಯುತ್ತಿದ್ದದ್ದು ಮೂಲೆಯ ಹೋಟೆಲಿನಲ್ಲಿ. ಆ ಅಡುಗೆಮನೆಯಲ್ಲಿ ನಾನು ಅನ್ನಕ್ಕೆ ಇಟ್ಟದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಅಂದು ಬೆಳಿಗ್ಗೆ ಹಾಲು, ಟೀಪುಡಿ ಮಾತ್ರ ತಂದಿಟ್ಟಿದ್ದೆ.

ಗೀತಾ ನಿಧಾನವಾಗಿ ಒಂದು ಪದ ಹೇಳಿದಳು. ನಾನು ಬರೆದುಕೊಂಡೆ.

"ಸಾರ್, ಸಕ್ಕರೆ ಎಲ್ಲಿದೆ?" ಒಳಗಿನಿಂದ ಪ್ರತಿಮಾ ಕೇಳಿದಳು.

"ಎಡಗಡೆ, ಮೇಲಿನ ಶೆಲ್ಫಲ್ಲಿ. ಸ್ಟೀಲ್ ಡಬ್ಬ, ನಿಮ್ ಮೇಡಂ ಹೆಸರು ಹಾಕಿರೋದು."

ಡಬ್ಬದ ಸದ್ದಾಯಿತು. ಮುಚ್ಚಳ ತೆಗೆದ ಸದ್ದು. ಆಮೇಲೆ ಚಮಚ ಟಣ್ ಎಂದಿತು.

"ಸಾರ್, ಸಕ್ಕರೆ ಗಟ್ಟಿ ಆಗಿದೆ. ಕಲ್ಲು ತರಹ."

"ಚಮಚದಲ್ಲಿ ಕುಟ್ಟಿ ಹಾಕಮ್ಮ" ಎಂದೆ. "ಕುದಿಯೋ ಹಾಲಲ್ಲಿ ಕರಗುತ್ತೆ."

ದನಿ ಜೋರಾಯಿತೇನೋ. ಎದುರುಮನೆಯ ನಾಯಿ ಬೊಗಳಿತು.